ನಾಲ್ಕು ಬೆರಳು ನೂಲು

ರಾಜೋಳಿ
3 ಜುಲೈ 2024

ಮಕ್ತಲ್ ಟೈರ್ ಅಂಗಡಿಯ ಲಿಂಗಣ್ಣನವರಿಗೆ ರಾಜೋಳಿಯಿಂದ ಶಿವಗಂಗಾ ಮಾಡುವ ಶರಣು.

ನನ್ನ ಪರಿಚಯ ನಿಮಗಿಲ್ಲ. ಹೋದ ತಿಂಗಳು ನಾರಾಯಣಪೇಟೆಯವರೊಬ್ಬರಿಂದ ನಾವು ಒಂದು ಹಳೆಯ ಸಣ್ಣ ಕಾರು ಕೊಂಡೆವು. ಅದರ ಖಾನೆಯಲ್ಲಿ, ಖಾಲಿ ಊದುಬತ್ತಿ ಪ್ಯಾಕೆಟ್ಟಿನ ಕೆಳಗೆ, ನಿಮ್ಮ ಅಂಗಡಿಯ ಒಂದು ಚೀಟಿ ಸಿಕ್ಕಿತು. ಅದರ ಬೆನ್ನಿಗೆ ಕನ್ನಡದಲ್ಲಿ ಹೀಗೆ ಬರೆದಿತ್ತು: ‘ಈ ಗಾಲಿ ನಾನು ಹಾಕಿದ್ದಲ್ಲ. ಹವಾ ಮಾತ್ರ ತುಂಬಿದ್ದೇನೆ. ಮುಂದೆ ಸೊಂಟ ನೋವು ಬಂದರೆ ನನ್ನನ್ನು ಕೇಳಿ.’

ಸೊಂಟ ನೋವು ಬಂದಿದೆ. ಅದಕ್ಕೇ ಕೇಳುತ್ತಿದ್ದೇನೆ.

ನೋವು ನನ್ನದಲ್ಲ, ನಮ್ಮ ಯಜಮಾನರದು. ಅವರ ಹೆಸರು ಗುರುಲಿಂಗ. ಮೇ ತಿಂಗಳಲ್ಲಿ ಕರ್ನೂಲಿನಲ್ಲಿ ಬೆನ್ನುಮೂಳೆಯ ಆಪರೇಷನ್ ಆಯಿತು. ಈಗ ಪ್ರತಿ ಮಂಗಳವಾರ ಮತ್ತು ಶುಕ್ರವಾರ ವ್ಯಾಯಾಮ ಮಾಡಿಸಲು ಗದ್ವಾಲಕ್ಕೆ ಕರೆದೊಯ್ಯಬೇಕು. ವ್ಯಾಯಾಮ ಮಾಡಿಸುವ ಝಾನ್ಸಿ ಮೇಡಂ ಮೊದಲ ದಿನವೇ ಹೇಳಿಬಿಟ್ಟರು: ‘ಐದ್ ತಿಂಗಳು ಒಂದ್ ದಿನಾನೂ ತಪ್ಪಿಸಬ್ಯಾಡ್ರಿ ಅಮ್ಮಾ. ತಪ್ಪಿಸಿದ್ರ ಮತ್ತ ಕೂತು ಕೆಲಸ ಮಾಡಾಕ ಆಗಂಗಿಲ್ಲ.’ ನಮ್ಮ ಯಜಮಾನರದು ಕೂತು ಮಾಡುವ ಕೆಲಸವೇ. ಅದು ಬಿಟ್ಟರೆ ಅವರಿಗೆ ಬೇರೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲ.

ಬಸ್ಸಿನಲ್ಲಿ ಕೂರಲಾಗದು. ಅದಕ್ಕೇ ಕಾರು. ಮುಂದಿನ ಎಡ ಸೀಟನ್ನು ಹಿಂದಕ್ಕೆ ಮಲಗಿಸಿ, ಹಿಂದಿನ ಸೀಟಿಗೆ ಕೂಡಿಸಿ, ಗಾದಿ ಹಾಸಿ ಮಲಗಿಸುತ್ತೇವೆ. ತಲೆ ಸರಿಯಾಗಿ ಹಿಂದಿನ ಎಡಗಾಲಿಯ ಮೇಲೆ ಬರುತ್ತದೆ. ಇಲ್ಲಿಂದ ಗದ್ವಾಲದವರೆಗೆ ನಲವತ್ತೊಂದು ಹಂಪುಗಳಿವೆ. ಮಲಗಿದಲ್ಲೇ ಎಣಿಸಿದವರು ಅವರೇ. ಪ್ರತಿಯೊಂದಕ್ಕೂ ಹಲ್ಲು ಕಚ್ಚುತ್ತಾರೆ. ಮೊನ್ನೆ ಮನೆಗೆ ಬಂದ ಮೇಲೆ ಗೋಡೆಯ ಕಡೆ ತಿರುಗಿ, ‘ಆ ಮೇಡಂ ತೆಗೆಯೋ ನೋವಿಗಿಂತ ಈ ಗಾಡಿ ಕೊಡೋ ನೋವ ಹೆಚ್ಚೈತಿ. ನಾ ಇನ್ನ ಒಲ್ಲೆ’ ಅಂದರು. ಒಮ್ಮೆ ಒಲ್ಲೆ ಅಂದರೆ ಅವರನ್ನು ಒಪ್ಪಿಸುವುದು ಕಷ್ಟ.

ಕಾರಿಗಿರುವುದು ಥಳಥಳ ಹೊಳೆಯುವ ಅಲಾಯ್ ಗಾಲಿ, ಮೇಲೆ ತೆಳ್ಳಗೆ ರಬ್ಬರು. ನಮ್ಮ ಪಕ್ಕದ ಮನೆಯ ಆಂಜನೇಯುಲು, ಯಜಮಾನರನ್ನು ಎತ್ತಿ ಇಳಿಸುವವನು, ‘ಪೆದ್ದ ಚಕ್ರಾಲು ವೇಯಿ ವದಿನಾ’, ದೊಡ್ಡ ಗಾಲಿ ಹಾಕು ಅತ್ತಿಗೆ, ಅನ್ನುತ್ತಾನೆ. ಗಾಲಿ ದೊಡ್ಡದಾದಷ್ಟೂ ರಸ್ತೆಯ ಕುಣಿ ಸಣ್ಣದಾಗುತ್ತದೆ ಎಂದು ಅವನ ಲೆಕ್ಕ. ಹದಿನೈದು ಇಂಚಿನದು ಹಾಕಿಸಲೇ?

ನಿಮ್ಮ ಚೀಟಿಯ ನಂಬರಿಗೆ ಮೂರು ಸಲ ಫೋನು ಮಾಡಿದೆ. ಎತ್ತಿದವರು ‘ಯಜಮಾನ್ರು ಫೋನಿನ್ಯಾಗ ಮಾತಾಡಂಗಿಲ್ರಿ, ಗಾಡಿ ತಗೊಂಡು ಬರ್ರಿ’ ಅಂದು ಇಟ್ಟರು. ಅಷ್ಟು ದೂರ ಬರುವುದಾಗದು. ದೊಡ್ಡವರು ಫೋನಿನಲ್ಲಿ ಮಾತಾಡದಿದ್ದರೂ ಕಾಗದ ಓದಬಹುದು ಎಂದು ಬರೆದಿದ್ದೇನೆ.

ಶಿವಗಂಗಾ


ಮಕ್ತಲ್
9 ಜುಲೈ 2024

ಶಿವಗಂಗಾ ಅವರಿಗೆ ಲಿಂಗಣ್ಣನ ಶರಣು.

ಹದಿನೈದು ಇಂಚು ಹಾಕಿಸಬೇಡಿ. ಅದನ್ನು ಮೊದಲು ಹೇಳಿ ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಾನು ದೊಡ್ಡವನೂ ಅಲ್ಲ, ಮಾತಿಗೆ ಜಿಪುಣನೂ ಅಲ್ಲ. ಅಂಗಡಿ ಹೆದ್ದಾರಿಯ ಮೇಲಿದೆ, ರಾಯಚೂರಿನ ಲಾರಿಗಳ ಗದ್ದಲ. ಫೋನು ಎತ್ತುವವನು ನಮ್ಮ ಕುರುಮಯ್ಯ. ಅವನಿಗೆ ಕೈ ಬರುವಷ್ಟು ಬಾಯಿ ಬರುವುದಿಲ್ಲ. ನೀವು ಕಾಗದವನ್ನೇ ಬರೆಯಿರಿ, ಅದೇ ನನಗೆ ಅನುಕೂಲ.

ಈಗ ಗಾಲಿಯ ಮಾತು. ಚೀಟಿ ಬರೆದುಕೊಟ್ಟ ಆ ಕಾರು ನನಗೆ ನೆನಪಿದೆ. ಕಾರು ಮಾಡಿದವರು ಗಾಲಿಗೆಂದು ಒಂದು ಗೂಡು ಬಿಟ್ಟಿರುತ್ತಾರೆ. ಆ ಗೂಡಿನಲ್ಲಿ ತಿರುಗುವ ಹೊರಸುತ್ತು ಇಷ್ಟೇ ಎಂದು ಗೊತ್ತಾಗಿರುತ್ತದೆ. ಅದನ್ನು ದಾಟುವ ಹಾಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಗಾಲಿಗೂ ಸರಿ. ಆ ಸುತ್ತಿನ ಒಳಗೆ ರಿಮ್ಮು, ರಬ್ಬರು ಎರಡೂ ಇರಬೇಕು. ಒಂದೇ ಮನೆಯ ಇಬ್ಬರು ಸೊಸೆಯರಂತೆ, ಒಬ್ಬಳು ಹೆಚ್ಚು ಜಾಗ ಹಿಡಿದರೆ ಇನ್ನೊಬ್ಬಳು ಮುದುಡಬೇಕು. ನಿಮ್ಮ ಕಾರಿನಲ್ಲಿ ಹದಿನಾಲ್ಕು ಇಂಚಿನ ಅಲಾಯ್ ಕಾಲು ಚಾಚಿ ಕೂತಿದೆ, ರಬ್ಬರು ಮುದುಡಿದೆ. ಧಕ್ಕೆ ತಿನ್ನುವುದು ರಬ್ಬರು ಮತ್ತು ಅದರೊಳಗಿನ ಹವಾ. ಅವು ಇಲ್ಲದಿದ್ದರೆ ಆ ಧಕ್ಕೆ ತಿನ್ನುವವರು ನಿಮ್ಮ ಯಜಮಾನರು. ಹದಿನೈದು ಹಾಕಿದರೆ ಇನ್ನೂ ತಿನ್ನುತ್ತಾರೆ.

ಆದ್ದರಿಂದ ಹಿಂದಕ್ಕೆ ಬನ್ನಿ. ಸಣ್ಣ ರಿಮ್ಮು, ಎತ್ತರದ ರಬ್ಬರು. ಒಂದು ಇಂಚು ಹೆಚ್ಚು ರಬ್ಬರು ಸಿಕ್ಕರೂ ಬೆನ್ನಿಗೆ ಗೊತ್ತಾಗುತ್ತದೆ. ನೋಡಲು ಬಡವಾಗಿ ಕಾಣುತ್ತದೆ. ಕಾಣಲಿ ಬಿಡಿ.

ಒಂದು ತೊಡಕಿದೆ. ನಿಮ್ಮ ಕಾರು ಕಂಪನಿಯಿಂದಲೇ ಎರಡು ಥರ ಬಂದಿದೆ. ಕೆಲವಕ್ಕೆ ಹನ್ನೆರಡು ಇಂಚಿನ ರಿಮ್ಮು, ಹೊರಸುತ್ತು 168 ಸೆಂಟಿಮೀಟರ್ ಚಿಲ್ಲರೆ. ಕೆಲವಕ್ಕೆ ಹದಿಮೂರು, ಹೊರಸುತ್ತು 176 ಚಿಲ್ಲರೆ. ನಿಮ್ಮದು ಯಾವುದು? ಡ್ರೈವರ್ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ನೋಡಿ ಬರೆಯಿರಿ. ಅದು ಹೋಗಿದ್ದರೆ ಈಗಿನ ಟೈರಿನ ಸುತ್ತ ಒಂದು ದಾರ ಸುತ್ತಿ, ಕತ್ತರಿಸಿ, ಆ ದಾರವನ್ನೇ ಕಳಿಸಿ. ಮನೆಯ ಟೇಪುಗಳನ್ನು ನಾನು ನಂಬುವುದಿಲ್ಲ, ಎಳೆದು ಎಳೆದು ಹಿಗ್ಗಿರುತ್ತವೆ.

ಇನ್ನೊಂದು. ನಿಮ್ಮ ಡ್ರೈವರ್ ಯಾರು? ಹಂಪಿನ ಮೇಲೆ ಗಾಡಿ ಹಾರಿಸುವವನಾದರೆ ಮೊದಲು ಅವನನ್ನು ಬದಲಿಸಿ, ಆಮೇಲೆ ಗಾಲಿ.

ಲಿಂಗಣ್ಣ


ರಾಜೋಳಿ
14 ಜುಲೈ 2024

ಲಿಂಗಣ್ಣನವರಿಗೆ ಶರಣು.

ನಿಮ್ಮ ಮಾತನ್ನು ಡ್ರೈವರಿಗೆ ಓದಿ ಹೇಳಿದೆ. ಡ್ರೈವರಿಗೆ ನಲವತ್ತೈದು ವರ್ಷ, ಲೈಸೆನ್ಸ್ ಸಿಕ್ಕು ಐದು ವಾರ. ಹಂಪು ಬಂದರೆ ಗಾಡಿಗಿಂತ ಮೊದಲು ಅವಳ ಎದೆ ನಿಲ್ಲುತ್ತದೆ, ಹಾರಿಸುವ ಮಾತೇ ಇಲ್ಲ. ಆದರೂ ಬದಲಿಸೋಣವೆಂದು ನೋಡಿದೆ, ಆಗಲಿಲ್ಲ, ಯಾಕೆಂದರೆ ಅವಳು ನಾನೇ.

ಬಾಗಿಲ ಸಂದಿಯ ಚೀಟಿ ಇಲ್ಲ. ಹಿಂದಿನವರು ಕಾರಿಗೆ ಬಣ್ಣ ಹೊಡೆಸುವಾಗ ಅದರ ಮೇಲೂ ಹೊಡೆಸಿದ್ದಾರೆ. ಟೈರಿನ ಪಕ್ಕೆಯ ಅಂಕಿಗಳು ಕಲ್ಲಿಗೆ ಉಜ್ಜಿ ಅಳಿಸಿವೆ. ಆದ್ದರಿಂದ ನೂಲು ಕಳಿಸಿದ್ದೇನೆ. ನಾನೇ ಸುತ್ತಿ, ನಾನೇ ಕತ್ತರಿಸಿದ್ದು. ನಮ್ಮ ಮನೆಯಲ್ಲಿ ನೂಲಿಗೇನೂ ಬರವಿಲ್ಲ.

ನಿಮ್ಮ ಇಬ್ಬರು ಸೊಸೆಯರ ಕಥೆ ಯಜಮಾನರಿಗೆ ಓದಿ ಹೇಳಿದಾಗ ನಕ್ಕರು. ಆಪರೇಷನ್ ಆದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಕ್ಕರೆ ಬೆನ್ನು ಹಿಡಿಯುತ್ತದೆ ಎಂದು ಆಮೇಲೆ ನನಗೇ ಬೈದರು. ‘ಆ ಲಿಂಗಣ್ಣಾರು ಹೇಳಿದ ಗಾಲಿ ಬರೋತನಾ ಬರ್ತೀನಿ. ಬಂದ ಮ್ಯಾಲೂ ಹಿಂಗ ಇದ್ರ ನನ್ನ ಕೇಳಬ್ಯಾಡ’ ಎಂದಿದ್ದಾರೆ. ಅಷ್ಟು ದಿನ ದೊರಕಿಸಿಕೊಟ್ಟಿರಿ. ನಿಮ್ಮ ಉಪಕಾರ.

ಶಿವಗಂಗಾ


ಮಕ್ತಲ್
19 ಜುಲೈ 2024

ಶಿವಗಂಗಾ ಅವರಿಗೆ,

ಡ್ರೈವರಮ್ಮನವರಲ್ಲಿ ಕ್ಷಮೆ ಕೇಳಿದ್ದೇನೆಂದು ತಿಳಿಸಿ.

ನೂಲು ತಲುಪಿತು. ಕೆಂಪು ರೇಷ್ಮೆ! ಟೈರು ಅಳೆಯಲು ರೇಷ್ಮೆ ಕಳಿಸಿದ ಗಿರಾಕಿ ನನ್ನ ಆಯುಷ್ಯದಲ್ಲಿ ನೀವೊಬ್ಬರೇ. ಸೀರೆ ಅಂಗಡಿಯ ಸಾಹುಕಾರರ ಮನೆಯಿರಬೇಕು, ಗದ್ದುಗೆಯ ಮೇಲೆ ಕೂತು ಮಾಡುವ ಕೆಲಸ ಎಂದರೆ ಅದೇ ಅಂದುಕೊಂಡೆ. ಸಾಹುಕಾರರ ಬೆನ್ನಿಗೂ ಬಡವರ ಬೆನ್ನಿಗೂ ಮೂಳೆ ಒಂದೇ, ಆದ್ದರಿಂದ ನನ್ನ ಕೆಲಸದಲ್ಲಿ ವ್ಯತ್ಯಾಸವಿಲ್ಲ.

ಉಕ್ಕಿನ ಟೇಪು ಹಿಡಿದು ಮೂರು ಸಲ ಅಳೆದೆ. 176 ಸೆಂಟಿಮೀಟರ್, ಮೇಲೆ ಅರ್ಧ. ಹಾಗಾದರೆ ನಿಮ್ಮದು ಹದಿಮೂರು ಇಂಚಿನ ಕಾರು. ಉಕ್ಕಿನ ರಿಮ್ಮು ಹದಿಮೂರು, ಟೈರು 145/80. ಅಗಲ 145 ಮಿಲಿಮೀಟರ್, ಎತ್ತರ ಅದರ ನೂರಕ್ಕೆ ಎಂಬತ್ತು ಪಾಲು ಎಂದು ಅರ್ಥ. ನಾಲ್ಕು ಗಾಲಿ ಸಿದ್ಧಮಾಡಿ ಬಸ್ಸಿನ ಕಾರ್ಗೋದಲ್ಲಿ ಗದ್ವಾಲಕ್ಕೆ ಹಾಕಿಸುತ್ತೇನೆ. ಅಲ್ಲಿ ಮೆಕ್ಯಾನಿಕ್ ಬಾಲರಾಜು ನನ್ನ ಹಳೆಯ ಶಿಷ್ಯ, ಹಾಕಿಕೊಡುತ್ತಾನೆ. ನಿಮ್ಮ ಅಲಾಯ್‌ಗಳನ್ನು ಅವನ ಹತ್ತಿರವೇ ಬಿಡಿ, ನನಗೆ ಕಳಿಸುತ್ತಾನೆ. ಅದಕ್ಕೂ ಇದಕ್ಕೂ ಸರಿಹೋಯಿತು. ಥಳಕು ಬೇಕೆನ್ನುವ ಪಕ್ಕದ ನಾರ್ವ ಊರಿನವರು ಯಾರಾದರೂ ಒಯ್ಯುತ್ತಾರೆ.

ಹವಾ ಮೂವತ್ತಕ್ಕಿಂತ ಮೇಲೆ ಬೇಡ. ಪಂಪಿನವರು ಮೂವತ್ತೈದು ತುಂಬುತ್ತಾರೆ, ಕೇಳಬೇಡಿ. ಯಜಮಾನರು ಏನಂದರೆಂದು ತಪ್ಪದೆ ಬರೆಯಿರಿ.

ಲಿಂಗಣ್ಣ


ರಾಜೋಳಿ
3 ಆಗಸ್ಟ್ 2024

ಲಿಂಗಣ್ಣಾವರಿಗೆ ಶರಣು ಶರಣಾರ್ಥಿ.

ಗಾಲಿ ಹಾಕಿಸಿ ಎರಡು ಸಲ ಹೋಗಿಬಂದೆವು. ಬಾಲರಾಜು ಅವರು ನಿಮ್ಮ ಹೆಸರು ಕೇಳಿದ ಕೂಡಲೇ ಕೂರಲು ಕುರ್ಚಿ ಕೊಟ್ಟರು, ಚಹಾ ತರಿಸಿದರು.

ಮೊದಲ ದಿನ ಶಾಂತಿನಗರ ದಾಟಿತು, ಐಜ ದಾಟಿತು, ಹಿಂದಿನಿಂದ ಒಂದು ಮಾತಿಲ್ಲ. ನೋವು ಹೆಚ್ಚಾಗಿ ಮಾತು ನಿಂತಿತೇನೋ ಎಂದು ಹೆದರಿದೆ. ಗಾಡಿ ನಿಲ್ಲಿಸಿ ನೋಡಿದರೆ ಎಚ್ಚರವಾಗಿಯೇ ಮಲಗಿದ್ದರು. ‘ಯಾಕ ನಿಲ್ಲಿಸಿದಿ? ಹದಿನೇಳ ಎಣಿಸೀನಿ, ಲೆಕ್ಕ ತಪ್ಪಸಬ್ಯಾಡ’ ಅಂದರು. ಹಲ್ಲು ಕಚ್ಚಿರಲಿಲ್ಲ. ಝಾನ್ಸಿ ಮೇಡಂ ಕೂಡ ಈ ಸಲ ಮೈ ಸಡಿಲವಿದೆ ಅಂದರು. ನಿಮಗೆ ಹೇಗೆ ಹೇಳಲಿ? ನೋಡದ ಮನುಷ್ಯರೊಬ್ಬರನ್ನು ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ನೆನೆಯುತ್ತೇನೆ.

ಆಂಜನೇಯುಲು ಈಗ ಬಸ್ಸಿನಲ್ಲಿ ಬಂದು ಆಸ್ಪತ್ರೆಯ ಹತ್ತಿರ ಕೂಡಿಕೊಳ್ಳುತ್ತಾನೆ. ಮೈಭಾರದ ಮನುಷ್ಯ, ಅವನಿಗೆ ಬಸ್ಸೇ ಸುಖ. ನಾನೂ ನಿಧಾನ ಕಲಿತಿದ್ದೇನೆ. ಆಸ್ಪತ್ರೆಯ ಗೇಟಿನಲ್ಲಿ ಮೊದಲು ಒಂದೇ ಏಟಿಗೆ ತಿರುಗಿಸುತ್ತಿದ್ದೆ, ಈಗ ಮೂರು ಸಲ ಹಿಂದೆ ಮುಂದೆ ಮಾಡಿ ಒಳಗೆ ಹೋಗುತ್ತೇನೆ. ಎಲ್ಲ ಚೆನ್ನಾಗಿದೆ. ನಿಮ್ಮ ಗಾಲಿಯಲ್ಲಿ ಏನೂ ಕೊರತೆಯಿಲ್ಲ.

ಶಿವಗಂಗಾ


ಮಕ್ತಲ್
8 ಆಗಸ್ಟ್ 2024

ತಂಗೆಮ್ಮ ಶಿವಗಂಗಾಗೆ,

ನಿನ್ನ ಕಾಗದವನ್ನು ಕುರುಮಯ್ಯನಿಗೆ ಓದಿ ಹೇಳಿದೆ. ಟೈರು ಮಾರಿದ್ದಕ್ಕೆ ವಿಭೂತಿ ಹಚ್ಚಿಕೊಳ್ಳುವಾಗ ನೆನೆಯುವವರು ಇದ್ದಾರೆಂದರೆ ಅವನು ನಂಬಲಿಲ್ಲ. ಕಾಗದ ತೋರಿಸಿದೆ. ಕನ್ನಡ ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದ.

ಎರಡು ವರ್ಷದಿಂದ ಗಿರಾಕಿಗಳು ನನ್ನನ್ನು ಏನೂ ಕೇಳುವುದಿಲ್ಲ. ಕುರುಮಯ್ಯನ ಹತ್ತಿರ ಮಾತು, ವ್ಯವಹಾರ. ನಾನು ಕುರ್ಚಿಯಲ್ಲಿ ಕೂತು ರಸ್ತೆ ನೋಡುವವನು. ನೀನು ಕೇಳಿದೆ, ನಾನು ಹೇಳಿದೆ, ಅದು ಒಬ್ಬರ ಬೆನ್ನಿಗೆ ತಾಗಿತು. ಬಹಳ ಸಂತೋಷವಾಗಿದೆ ತಾಯಿ. ಅಷ್ಟೇ ಬರೆಯಬೇಕೆನಿಸಿತು.

ಜೂರಾಲ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರಂತೆ, ಸೇತುವೆಯ ಮೇಲೆ ಜನ ಜಾತ್ರೆಯಂತೆ ನಿಂತಿದ್ದಾರಂತೆ. ಬಾಲರಾಜು ಅಲಾಯ್ ಇನ್ನೂ ಕಳಿಸಿಲ್ಲ. ಅವಸರವೇನೂ ಇಲ್ಲ.

ಲಿಂಗಣ್ಣ


ಮಕ್ತಲ್
15 ಆಗಸ್ಟ್ 2024

ತಂಗೆಮ್ಮ,

ಈ ಕಾಗದ ಟಪಾಲಿಗೆ ಹಾಕಿಲ್ಲ, ಗದ್ವಾಲ ಬಸ್ಸಿನ ಕಂಡಕ್ಟರ್ ಅಂಜಯ್ಯನ ಕೈಗೆ ಕೊಟ್ಟಿದ್ದೇನೆ. ಈಗಷ್ಟೇ ಕುರುಮಯ್ಯನ ಕೈಯಿಂದ ಫೋನೂ ಮಾಡಿಸಿದೆ. ನಾಳೆ ಶುಕ್ರವಾರ ಕಾರು ತೆಗೆಯಬೇಡ ಎಂದು ಹೇಳಿಸಿದ್ದು. ಅವನು ನಿನಗೆ ಸರಿಯಾಗಿ ಹೇಳಿದನೋ ಇಲ್ಲವೋ ಎಂದು ಎದುರು ನಿಂತು ಅವನ ಬಾಯಿ ನೋಡುತ್ತಿದ್ದೆ.

ಯಾಕೆಂದು ಹೇಳುತ್ತೇನೆ. ನಿನ್ನೆ ಅಲಾಯ್‌ಗಳು ಟೈರಿನ ಸಮೇತ ಬಂದವು. ಇವತ್ತು ಝಂಡಾ ಹಬ್ಬ, ಅಂಗಡಿ ಬಂದ್. ಬೇಸರಕ್ಕೆ ಅವುಗಳನ್ನು ಒರೆಸುತ್ತ ಕೂತಿದ್ದೆ. ನಿನ್ನ ಕೆಂಪು ನೂಲು ಗಲ್ಲಾಪೆಟ್ಟಿಗೆಯಲ್ಲಿ ಇತ್ತು. ಸುಮ್ಮನೆ, ಏನೂ ಕಾರಣವಿಲ್ಲದೆ, ನಿನ್ನ ಟೈರಿಗೆ ನಿನ್ನ ನೂಲನ್ನು ಸುತ್ತಿದೆ. ಸುತ್ತು ಮುಗಿಯಿತು, ನೂಲು ಮುಗಿಯಲಿಲ್ಲ. ನಾಲ್ಕು ಬೆರಳಿನಷ್ಟು ಕೈಯಲ್ಲಿ ಉಳಿಯಿತು. ಉಳಿದ ಮೂರಕ್ಕೂ ಸುತ್ತಿ ನೋಡಿದೆ. ಎಲ್ಲದರಲ್ಲೂ ಅದೇ ನಾಲ್ಕು ಬೆರಳು.

ನಿನ್ನದು ಹನ್ನೆರಡು ಇಂಚಿನ ಕಾರು. ನಾನು ಹದಿಮೂರರ ಗಾಲಿ ಕಳಿಸಿದ್ದೇನೆ. ಗೂಡಿಗೆ ಮೀರಿದ ಗಾಲಿ. ಭಾರ ಬಿದ್ದರೆ ಹಿಂದಿನ ಟೈರು ಮೇಲಿನ ತಗಡಿಗೆ ಉಜ್ಜುತ್ತದೆ, ಪೂರ್ತಿ ತಿರುಗಿಸಿದರೆ ಮುಂದಿನದು ಉಜ್ಜುತ್ತದೆ. ಆಗ ನಿನ್ನ ಹಳೆಯ ಕಾಗದ ತೆಗೆದು ಮತ್ತೆ ಓದಿದೆ. ಆಂಜನೇಯುಲು ಬಸ್ಸಿನಲ್ಲಿ ಬರುವುದು ಯಾಕೆ? ಗೇಟಿನಲ್ಲಿ ಮೂರು ಸಲ ಹಿಂದೆ ಮುಂದೆ ಯಾಕೆ? ಮೊದಲ ಸಲ ಓದುವಾಗ ವಿಭೂತಿಯ ಮಾತಿಗೆ ಉಬ್ಬಿಹೋಗಿದ್ದೆ, ಇದು ಕಣ್ಣಿಗೆ ಬೀಳಲಿಲ್ಲ. ಹೊಗಳಿಕೆ ಮುದುಕನನ್ನೂ ಬಿಡುವುದಿಲ್ಲ.

ನಿಜ ಬರೆ. ಸದ್ದು ಬರುತ್ತದೆಯೇ? ಎಲ್ಲಿಂದ? ಯಾವಾಗಿನಿಂದ? ಉಜ್ಜಿ ಉಜ್ಜಿ ಟೈರು ಸೀಳಿದರೆ ಅದು ಒಡೆಯುವುದು ನಿನ್ನ ಯಜಮಾನರ ತಲೆಯ ಕೆಳಗೆ.

ನಾನೂ ಒಂದು ನಿಜ ಬರೆಯುತ್ತೇನೆ. ನನಗೆ ಕಿವಿ ಕೇಳುವುದಿಲ್ಲ. ಮೂವತ್ತು ವರ್ಷ ಕಂಪ್ರೆಸರ್ ಪಕ್ಕದಲ್ಲಿ ಲಾರಿ ರಿಮ್ಮು ಬಡಿದದ್ದರ ಫಲ. ಎರಡು ವರ್ಷದಿಂದ ಪೂರ್ತಿ ಇಲ್ಲ. ಅದಕ್ಕೇ ಫೋನು ಬೇಡ ಅಂದದ್ದು, ಲಾರಿಯ ಗದ್ದಲ ಬರೀ ನೆಪ. ಮೊದಲೇ ಹೇಳಿದ್ದರೆ ನೀನು ಕಿವುಡನ ಮಾತು ಯಾಕೆ ಎಂದು ಬೇರೆ ಅಂಗಡಿಗೆ ಬರೆಯುತ್ತಿದ್ದೆಯೇನೋ ಎಂಬ ಅಂಜಿಕೆ ನನಗೆ. ನಿನ್ನ ಕಾರನ್ನು ನಾನೇ ಓಡಿಸಿ ನೋಡಿದರೂ ಆ ಸದ್ದು ನನಗೆ ಕೇಳುತ್ತಿರಲಿಲ್ಲ. ನೀನು ಬರೆದರೆ ಮಾತ್ರ ನನಗೆ ಗೊತ್ತಾಗುತ್ತದೆ.

ಲಿಂಗಣ್ಣ


ರಾಜೋಳಿ
17 ಆಗಸ್ಟ್ 2024

ಅಣ್ಣಾ,

ಕುರುಮಯ್ಯ ಸರಿಯಾಗಿಯೇ ಹೇಳಿದರು. ಹೆದರಿಕೊಂಡು ಹೇಳಿದರು: ‘ಅಮ್ಮಾ, ಗಾಡಿ ತೆಗೀಬ್ಯಾಡ್ರಿ, ಯಜಮಾನ್ರು ಅಳಾಕತ್ತಾರ.’ ನಿನ್ನೆ ಗದ್ವಾಲಕ್ಕೆ ಹೋಗಲಿಲ್ಲ. ಇದೇ ಮೊದಲ ಸಲ ತಪ್ಪಿದ್ದು. ಝಾನ್ಸಿ ಮೇಡಂಗೆ ಫೋನು ಮಾಡಿದೆ. ‘ಒಂದಕ್ಕ ಕ್ಷಮಾ ಐತಿ, ಎರಡಕ್ಕ ಇಲ್ಲ’ ಅಂದರು.

ಸದ್ದು ಮೊದಲ ದಿನದಿಂದಲೇ ಇದೆ. ಆಂಜನೇಯುಲು ಕೂತರೆ ಹಂಪು ಇಳಿಯುವಾಗ ಹಿಂದಿನ ಎಡಗಾಲಿಯಿಂದ ಸರಕ್ಕೆಂದು ಬರುತ್ತದೆ. ಅವನು ಇಳಿದರೆ ಕಡಿಮೆ, ಆದರೆ ಇದೆ. ಗೇಟಿನಲ್ಲಿ ಮುಂದಿನಿಂದಲೂ ಬರುತ್ತದೆ. ಯಜಮಾನರು, ‘ಧಕ್ಕೀ ಇಲ್ಲ ಖರೆ, ಆದ್ರ ನನ್ನ ತಲೀ ಕೆಳಗ ಯಾರೋ ಗರಗಸ ಎಳ್ಯಾಕತ್ತಾರ’ ಅಂದರು. ಹೋದ ಮಂಗಳವಾರವಂತೂ ಮನೆಗೆ ಬಂದು ಮತ್ತೆ ಗೋಡೆಯ ಕಡೆ ತಿರುಗಿದರು.

ನಿಮಗೆ ಹೇಗೆ ಬರೆಯಲಿ ಅಣ್ಣಾ? ಮುಖ ನೋಡದವರು ಅಷ್ಟು ಮಾಡಿದ್ದೀರಿ. ಕೊಟ್ಟ ಊಟದಲ್ಲಿ ಕಲ್ಲು ಸಿಕ್ಕಿತೆಂದು ಹೇಳುವುದು ಹೇಗೆ ಎನಿಸಿತು. ಉಪಕಾರದ ಭಾರಕ್ಕೆ ಸುಳ್ಳು ಬರೆದೆ. ನಮ್ಮವರ ಜೀವದ ಮೇಲೆ ಬರುವ ಸುಳ್ಳೆಂದು ತಿಳಿಯಲಿಲ್ಲ.

ಇನ್ನು ಆ ನಾಲ್ಕು ಬೆರಳು. ಓದಿದ ಕೂಡಲೇ ನನ್ನ ಕೈಯನ್ನು ನಾನೇ ನೋಡಿಕೊಂಡೆ. ನಾವು ಸಾಹುಕಾರರಲ್ಲ ಅಣ್ಣಾ, ನೇಕಾರರು. ಗದ್ವಾಲ ಸೀರೆ ನೇಯುವವರು. ಯಜಮಾನರು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಇಪ್ಪತ್ತೆಂಟು ವರ್ಷ ನೇಯ್ದಿದ್ದಾರೆ, ಕೂತು ಮಾಡುವ ಕೆಲಸ ಎಂದದ್ದು ಅದನ್ನೇ. ನೀವು ಸಾಹುಕಾರರೆಂದು ಬರೆದಾಗ ತಿದ್ದಬೇಕಿತ್ತು. ನೇಕಾರರೆಂದು ತಿಳಿದರೆ ಕನಿಕರಪಟ್ಟು ಧರ್ಮಕ್ಕೆ ಕೊಡುತ್ತೀರೆಂದು ಸುಮ್ಮನಾದೆ.

ನಮ್ಮಲ್ಲಿ ಒಂದು ಸೀರೆ ಮುಗಿದು ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಜೋಡಿಸುವಾಗ ಹಳೆಯ ಎಳೆಗೆ ಹೊಸ ಎಳೆ ಗಂಟು ಹಾಕಬೇಕು. ಆ ಗಂಟಿಗೆಂದು ನಾಲ್ಕು ಬೆರಳು ಬಿಟ್ಟೇ ನೂಲು ಕತ್ತರಿಸುತ್ತೇವೆ. ಅಳತೆಗೆ ಸರಿಯಾಗಿ ಕತ್ತರಿಸಿದವಳನ್ನು ನಮ್ಮತ್ತೆ ಮೊಗುಲಮ್ಮ ಮನೆ ಹಾಳು ಮಾಡುವವಳು ಎಂದು ಬೈಯುತ್ತಿದ್ದರು. ಇಪ್ಪತ್ತೈದು ವರ್ಷದಿಂದ ನನ್ನ ಕೈ ನನ್ನನ್ನು ಕೇಳದೆ ನಾಲ್ಕು ಬೆರಳು ಬಿಡುತ್ತದೆ. ಟೈರಿಗೂ ಬಿಟ್ಟಿದೆ. ತಪ್ಪು ನನ್ನದು, ನಿಮ್ಮದಲ್ಲ.

ನಿಮಗೆ ಕಿವಿ ಕೇಳುವುದಿಲ್ಲವೆಂದು ಓದಿ, ಫೋನಿನಲ್ಲಿ ಮಾತಾಡದ ದೊಡ್ಡವರು ಎಂದು ಬರೆದಿದ್ದು ನೆನಪಾಗಿ ನಾಚಿಕೆಯಾಯಿತು. ಈ ಕಾಗದವನ್ನೂ ಕಂಡಕ್ಟರ್ ಅಂಜಯ್ಯನವರ ಕೈಗೇ ಕೊಟ್ಟು ಕಳಿಸುತ್ತಿದ್ದೇನೆ. ಮಂಗಳವಾರದೊಳಗೆ ಏನಾದರೂ ಆಗುತ್ತದೆಯೇ? ಅಲಾಯ್‌ಗಳನ್ನೇ ಮರಳಿ ಕಳಿಸಿದರೂ ಸರಿ. ಅವರು ಬರುತ್ತೇನೆಂದರೆ ಸಾಕು.

ಶಿವಗಂಗಾ


ರಾಜೋಳಿ
23 ಆಗಸ್ಟ್ 2024

ಲಿಂಗಣ್ಣಾವರಿಗೆ ತಂಗಿಯ ಶರಣು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಆಟೋದಿಂದ ಹನ್ನೆರಡು ಇಂಚಿನ ನಾಲ್ಕು ಗಾಲಿ ಇಳಿಸುತ್ತಿದ್ದ ಬಿಳಿ ಮೀಸೆಯವರನ್ನು ಕಂಡು ನಾನು ಗುರುತು ಹಿಡಿಯಲಿಲ್ಲ. ಎರಡು ಬಸ್ಸು, ಒಂದು ಆಟೋ ಬದಲಿಸಿ, ಅರವತ್ತು ದಾಟಿದ ವಯಸ್ಸಿನಲ್ಲಿ ಬಂದಿರಿ. ನಮ್ಮ ಓಣಿಯಲ್ಲೇ ಕೂತು ಗಾಲಿ ಹಾಕಿದಿರಿ. ಟೈರು ಕೊಯ್ದಿದ್ದ ಜಾಗವನ್ನು ಬೆರಳಿನಿಂದ ಸವರಿ, ನನ್ನ ಕಡೆ ನೋಡಿ, ಪಕ್ಕಕ್ಕಿಟ್ಟಿರಿ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಊರ ಹೊರಗೆ ಒಂದು ಸುತ್ತು ಹೋದೆವು. ನೀವು ಹಿಂದಿನ ಸೀಟಿನ ತುದಿಯಲ್ಲಿ ಮುದುಡಿ ಕೂತು, ಅಂಗೈಯನ್ನು ಗಾಲಿಯ ಮೇಲಿನ ತಗಡಿಗೆ ಒತ್ತಿ ಹಿಡಿದಿದ್ದಿರಿ. ಪ್ರತಿ ಹಂಪಿಗೂ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದಿರಿ. ಸದ್ದಿಲ್ಲ ಎಂದು ನಾನು ತಲೆ ಅಲ್ಲಾಡಿಸುತ್ತಿದ್ದೆ. ಅಷ್ಟೇ ನಿಮಗೆ ಗೊತ್ತಾದದ್ದು. ನಿಮಗೆ ಗೊತ್ತಾಗದೇ ಹೋದದ್ದನ್ನು ಬರೆಯಲು ಇವತ್ತು ಕೂತಿದ್ದೇನೆ.

ನಿಮ್ಮ ಪಕ್ಕದಲ್ಲೇ ಮಲಗಿದ್ದ ಯಜಮಾನರು ‘ಲಿಂಗಣ್ಣಾರ’ ಎಂದು ಮೂರು ಸಲ ಕರೆದರು. ನೀವು ತಗಡಿನ ಮೇಲೆ ಕೈಯಿಟ್ಟು ಹೊರಗೆ ನೋಡುತ್ತಿದ್ದಿರಿ. ನಿಮಗೆ ಕೇಳುವುದಿಲ್ಲವೆಂದು ನಾನು ಅವರಿಗೆ ಹೇಳಿದ್ದೆ, ಆ ಹೊತ್ತಿಗೆ ಮರೆತಿದ್ದರು. ಮೂರನೇ ಸಲಕ್ಕೆ ನೆನಪಾಯಿತೇನೋ, ಕರೆಯುವುದನ್ನು ಬಿಟ್ಟು ಹಾಗೇ ಮಾತಾಡಿದರು. ‘ಲಿಂಗಣ್ಣಾರ, ಆಪರೇಷನ್ ಆದ ದಿನದಿಂದ ಮಂದಿ ಮ್ಯಾಲೆ, ರಸ್ತೆ ಮ್ಯಾಲೆ, ಈಕಿ ಮ್ಯಾಲೆ ಸಿಟ್ಟ ಮಾಡೀನಿ. ನಿಮ್ಮ ಕೈ ನೋಡಿದ್ರ ನಮ್ಮಪ್ಪನ ಕೈ ನೆನಪಾಗತೈತ್ರಿ. ಅಂವಾ ಹಾಸು ಬಿಗೀ ಐತೇನ ಅಂತ ಹಿಂಗ ಅಂಗೈ ಇಟ್ಟು ನೋಡ್ತಿದ್ದ. ನಾ ಬರ್ತೀನ್ರಿ, ಇನ್ನೊಂದ ದಿನಾನೂ ತಪ್ಪಸಂಗಿಲ್ಲ.’ ಅವರು ಇಷ್ಟುದ್ದ ಮಾತಾಡಿದ್ದು ನನಗೆ ನೆನಪಿಲ್ಲ. ನನಗೆ ಸ್ಟಿಯರಿಂಗ್ ಮಂಜಾಗಿ ಕಂಡಿತು. ಡ್ರೈವರನ್ನು ಬದಲಿಸಬೇಕಾದ ಹೊತ್ತೆಂದರೆ ಅದೇ.

ಮಂಗಳವಾರ ಹೋದೆವು. ಇವತ್ತೂ ಹೋಗಿಬಂದೆವು. ಆಂಜನೇಯುಲು ಕಾರಿನಲ್ಲೇ ಬಂದ, ನಿಮ್ಮ ಗಾಲಿ ಅವನ ಭಾರವನ್ನೂ ಹೊತ್ತಿತು. ಮನೆಗೆ ಬಂದು, ಇವತ್ತು ಎಷ್ಟು ಹಂಪು ಎಂದು ಕೇಳಿದೆ. ‘ಎಣಸಾಕ ಮರತೆ’ ಅಂದರು.

ಶಿವಗಂಗಾ


ಮಕ್ತಲ್
29 ಆಗಸ್ಟ್ 2024

ತಂಗೆಮ್ಮ,

ಗುರುಲಿಂಗಣ್ಣ ಹೇಳಿದ್ದನ್ನು ನೀನು ಬರೆದು ಕಳಿಸಿದೆ, ನಾನು ಓದಿದೆ. ಎರಡು ವರ್ಷದಲ್ಲಿ ನನ್ನ ಬೆನ್ನ ಹಿಂದೆ ಎಷ್ಟೋ ಮಾತು ಆಗಿರಬಹುದು, ಒಳ್ಳೆಯದೂ ಕೆಟ್ಟದ್ದೂ. ಅದರಲ್ಲಿ ಒಂದನ್ನಾದರೂ ನನಗೆ ತಲುಪಿಸಿದವಳು ನೀನೊಬ್ಬಳೇ.

‘ತಪ್ಪು ನನ್ನದು’ ಎಂದು ನೀನು ಬರೆದಿದ್ದೆ. ಅಲ್ಲ. ನಾನು ನೂಲನ್ನು ಮೂರು ಸಲ ಅಳೆದೆ, ಕತ್ತರಿಸಿದ ಕೈ ಯಾವುದೆಂದು ಒಂದು ಸಲವೂ ಕೇಳಲಿಲ್ಲ. ಈಗ ಕುರುಮಯ್ಯನಿಗೆ ಹೇಳಿದ್ದೇನೆ, ಯಾರು ಯಾವ ಅಳತೆ ತಂದರೂ ಅವರ ಕಸುಬು ಏನೆಂದು ಮೊದಲು ಕೇಳು ಎಂದು. ಅಂಗಡಿಯಲ್ಲಿ ಒಂದು ಪಾಟಿ, ಬಳಪ ತೂಗುಹಾಕಿದ್ದೇನೆ. ಮಾತಾಡಬೇಕಾದವರು ಅದರ ಮೇಲೆ ಬರೆಯುತ್ತಾರೆ. ನಿನ್ನೆ ಒಬ್ಬ ಲಾರಿಯವನು ಹಿಂದಿಯಲ್ಲಿ ಪಾಟಿ ಪೂರಾ ಒಂದು ಪುರಾಣ ಬರೆದ, ಕೊನೆಗೆ ಕೇಳಿದ್ದು ಹವಾ. ಆದರೂ ಖುಷಿಯಾಯಿತು.

ಕೆಂಪು ನೂಲು ನನ್ನ ಹತ್ತಿರವೇ ಇರಲಿ. ಕೇಳಬೇಡ.

ಲಿಂಗಣ್ಣ


ರಾಜೋಳಿ
8 ಡಿಸೆಂಬರ್ 2024

ಲಿಂಗಣ್ಣಾವರಿಗೆ ಗುರುಲಿಂಗನ ಶರಣು ಶರಣಾರ್ಥಿ.

ಅಕ್ಷರ ಶಿವಗಂಗಾಳದಲ್ಲ ಎಂದು ನೋಡಿದ ಕೂಡಲೇ ತಿಳಿದಿರಬೇಕು. ನನ್ನದು ಕೋಳಿಕಾಲು. ಲಾಳಿ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಆದರೂ ಈ ಕಾಗದ ನಾನೇ ಬರೆಯಬೇಕೆಂದು ಹಟ ಮಾಡಿದೆ, ಆಕೆ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದುತ್ತಿದ್ದಾಳೆ.

ಶುಕ್ರವಾರ ಝಾನ್ಸಿ ಮೇಡಂ ಇನ್ನು ಬರಬೇಡಿ ಅಂದರು. ಆ ದಿನ ಕಾರಿನಲ್ಲಿ ಸೀಟು ಎತ್ತಿಸಿ, ಮುಂದೆ, ಡ್ರೈವರಮ್ಮನ ಪಕ್ಕದಲ್ಲಿ ಬಂದೆ. ಐದು ತಿಂಗಳು ಕಾರಿನ ಚಾವಣಿಯನ್ನೇ ನೋಡಿದ್ದೆ, ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬೆಳ್ಳಗಿರುವುದು ಅವತ್ತೇ ಕಂಡಿದ್ದು. ಆಕೆ ಒಳ್ಳೆಯ ಡ್ರೈವರ್. ಎದುರಿಗೆ ಹೇಳಿರಲಿಲ್ಲ, ಈಗ ಓದಿ ನಗುತ್ತಿದ್ದಾಳೆ.

ಇದರ ಜೊತೆಗಿನ ಗಂಟಿನಲ್ಲಿ ಒಂದು ಹೆಗಲ ವಸ್ತ್ರವಿದೆ. ಬಹುಪಾಲು ನೇಯ್ದದ್ದು ಆಂಜನೇಯುಲು, ಅವನೂ ನಮ್ಮ ಕಸುಬಿನವನೇ; ಕೊನೆಯ ಒಂದು ಗೇಣು ನಾನು. ನನ್ನ ಗೇಣಿನಲ್ಲಿ ಎಳೆ ಅಲ್ಲಲ್ಲಿ ಸಡಿಲವಿದೆ, ಕಾಲು ಇನ್ನೂ ಪೂರ್ತಿ ಬಿಗಿಯಾಗಿಲ್ಲ. ತುದಿಯಲ್ಲಿ ನಾಲ್ಕು ಬೆರಳು ನೂಲು ಕತ್ತರಿಸದೆ ಬಿಟ್ಟಿದ್ದೇನೆ. ನೀವೂ ಕತ್ತರಿಸಬೇಡಿ.

ಅವತ್ತು ಕಾರಿನಲ್ಲಿ ನಿಮ್ಮನ್ನು ಮೂರು ಸಲ ಕರೆದೆ, ನಿಮಗೆ ಕೇಳಲಿಲ್ಲ. ಕರೆದದ್ದು ಇದನ್ನು ಹೇಳಲು: ನಿಮ್ಮಿಂದ ಬಹಳ ಉಪಕಾರವಾಯಿತು ಅಣ್ಣಾ.

ಈ ಕಾಗದವನ್ನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಯಾವುದಕ್ಕೂ ಒರಗದೆ, ಕೂತು ಬರೆದಿದ್ದೇನೆ.

ಗುರುಲಿಂಗ